ಬರ್ಕ್ ಒಬ್ಬನೋ ಇಬ್ಬರೋ? ಪಾಠ ಮಾಡುವಾಗ ಸಿಕ್ಕಿಹಾಕಿಕೊಂಡಿದ್ದೇನೆ

ಪ್ರಶ್ನೆ: ಮಲೆನಾಡ ಮೇಡಂ

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಈ ಸೆಮಿಸ್ಟರಿನಲ್ಲಿ ಪಾಶ್ಚಾತ್ಯ ಚಿಂತಕರ ಘಟಕ ನನ್ನ ಪಾಲಿಗೆ ಬಂದಿದೆ. ಎಡ್ಮಂಡ್ ಬರ್ಕ್ ಬಗ್ಗೆ ನಮ್ಮ ನೋಟ್ಸಿನಲ್ಲಿರುವುದು ಒಂದೂವರೆ ಪುಟ. ಸಂಪ್ರದಾಯವಾದದ ಜನಕ, ಫ್ರೆಂಚ್ ಕ್ರಾಂತಿಯ ಕಡು ವಿರೋಧಿ, 1797ರಲ್ಲಿ ತೀರಿಕೊಂಡ. ಅಷ್ಟೇ.

ಕಳೆದ ವಾರ ಅದನ್ನು ಓದಿ ಮುಗಿಸುವಷ್ಟರಲ್ಲಿ ಕೊನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮೇಡಂ, ಹಿಸ್ಟರಿ ಕ್ಲಾಸಲ್ಲಿ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಮೇಲೆ ಮಹಾಭಿಯೋಗ ನಡೆಸಿದವನು ಬರ್ಕ್ ಅಂದರು. ಅವನೂ ಇವನೂ ಒಬ್ಬನೇನಾ?" ಒಬ್ಬನೇ ಅಂತ ಹೇಳಿದೆ. "ಹಾಗಾದರೆ ಅಲ್ಲಿ ಬಡವರ ಪರ, ಇಲ್ಲಿ ರಾಜರ ಪರ ಹೇಗೆ?" ಅಂದಳು. ನಾಳೆ ಹೇಳುತ್ತೇನೆ ಅಂತ ಕೂರಿಸಿದೆ. ಆ ನಾಳೆ ಇನ್ನೂ ಬಂದಿಲ್ಲ.

ಮನೆಗೆ ಬಂದು ಓದುತ್ತಾ ಹೋದಂತೆ ಗೊಂದಲ ಹೆಚ್ಚಾಯಿತು. ಅಮೆರಿಕದ ವಸಾಹತುಗಳ ಪರ ಮಾತಾಡಿದ್ದಾನೆ, ಐರ್ಲೆಂಡಿನ ಕ್ಯಾಥೊಲಿಕರ ಪರ ನಿಂತಿದ್ದಾನೆ. 1785ರ ಒಂದು ಭಾಷಣದಲ್ಲಿ ಮಾತ್ರ ನಮ್ಮ ಹೈದರಾಲಿಯನ್ನು ಬೆಟ್ಟದ ಇಳಿಜಾರಿನಲ್ಲಿ ತೂಗಾಡುತ್ತಿದ್ದು ಕರ್ನಾಟಿಕ್ ಬಯಲಿನ ಮೇಲೆ ಒಮ್ಮೆಗೇ ಸುರಿದ ಕರಿಮೋಡಕ್ಕೆ ಹೋಲಿಸಿದ್ದಾನೆ. ಇವನು ನಮ್ಮ ಪರವೋ, ವಿರುದ್ಧವೋ? ಓದಿಕೊಂಡವರು ದಯವಿಟ್ಟು ಹೇಳಿ. ಪರೀಕ್ಷೆಗೆ ಬರೆಯುವಂಥ ಉತ್ತರ ಬೇಡ, ಆ ಹುಡುಗಿಗೆ ಹೇಳುವಂಥ ಉತ್ತರ ಬೇಕು.

ಉತ್ತರ: ನೀರಗಂಟಿ ಮಗ

ಮೇಡಂ, ನಿಮ್ಮ ವಿದ್ಯಾರ್ಥಿನಿಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಇಂಗ್ಲಿಷ್ ಮೇಷ್ಟ್ರಾಗಿ ಮೂವತ್ತು ವರ್ಷ ಕಳೆದವನು ನಾನು. ನನಗೂ ಇದೇ ಪ್ರಶ್ನೆ ಬಹಳ ದಿನ ಕಾಡಿತ್ತು. ಉತ್ತರ ಸಿಕ್ಕಿದ್ದು ನೀವು ಹೇಳಿದ ಅದೇ 1785ರ ಭಾಷಣದಲ್ಲಿ, ಹೈದರನ ಮಾತು ಮುಗಿದು ಕೆರೆಗಳ ಮಾತು ಬರುವ ಜಾಗದಲ್ಲಿ.

ಮೊದಲು ಕರಿಮೋಡದ ವಿಷಯ. ಆ ಭಾಷಣ ಹೈದರನ ಬಗ್ಗೆ ಮಾಡಿದ್ದೇ ಅಲ್ಲ, ಆರ್ಕಾಟ್ ನವಾಬನ ಸಾಲಗಳ ಬಗ್ಗೆ ಮಾಡಿದ್ದು. ದಿನಾಂಕ 28 ಫೆಬ್ರವರಿ 1785, ಸ್ಥಳ ಲಂಡನ್ನಿನ ಪಾರ್ಲಿಮೆಂಟಿನ ಕಾಮನ್ಸ್ ಸಭೆ. ಅಲ್ಲಿ ಬರುವ 'ಕರ್ನಾಟಿಕ್' ನಮ್ಮ ಕರ್ನಾಟಕವಲ್ಲ, ಘಟ್ಟದ ಕೆಳಗಿನ ಆರ್ಕಾಟ್ ಸೀಮೆ. ನವಾಬ ಮಹಮ್ಮದ್ ಅಲಿ ಮದರಾಸಿನ ಚೇಪಾಕ್ ಅರಮನೆಯಲ್ಲಿ ಕೂತು ಈಸ್ಟ್ ಇಂಡಿಯಾ ಕಂಪನಿಯ ನೌಕರರ ಹತ್ತಿರವೇ ಸಾಲ ಎತ್ತುತ್ತಿದ್ದ. ತಾವು ಯಾವ ಅರಸನನ್ನು ಕಾಯಬೇಕಿತ್ತೋ ಅವನಿಗೇ ಬಡ್ಡಿಗೆ ಕೊಟ್ಟು, ಅಡವಿಗೆ ಜಿಲ್ಲೆ ಜಿಲ್ಲೆಗಳ ಕಂದಾಯವನ್ನು ಬರೆಸಿಕೊಳ್ಳುತ್ತಿದ್ದವರು ಅವರು. ಅವರಲ್ಲಿ ದೊಡ್ಡ ಕುಳ ಪಾಲ್ ಬೆನ್‌ಫೀಲ್ಡ್. ಆ ದುಡ್ಡಿನಲ್ಲಿ ಅವನು ತಾನೂ ಸೇರಿ ಎಂಟು ಜನರನ್ನು ಪಾರ್ಲಿಮೆಂಟಿಗೆ ಕಳಿಸಿದ್ದಾನೆ ಅಂತ ಬರ್ಕ್ ಸಭೆಯ ಮುಖಕ್ಕೇ ಹೇಳಿದ. ಸಾಲ ನಿಜವೋ ಸುಳ್ಳೋ ಅಂತ ವಿಚಾರಣೆ ಆಗಬೇಕಿತ್ತು. ಪ್ರಧಾನಿ ಪಿಟ್‌ನ ಸರ್ಕಾರ ಅದನ್ನು ಬಿಟ್ಟು, ಆ ಸೀಮೆಯ ಕಂದಾಯದಿಂದಲೇ ತೀರಿಸಿ ಅಂತ ಅಪ್ಪಣೆ ಮಾಡಿತ್ತು. ಬರ್ಕ್‌ನ ಸಿಟ್ಟು ಅದರ ಮೇಲೆ.

ಹೈದರ ಆ ಭಾಷಣದಲ್ಲಿ ಬರುವುದು ಈ ಪಾಪದ ಫಲವಾಗಿ. ಯಾವ ಕರಾರಿಗೂ ಸಹಿ ಹಾಕದ, ಹಾಕಿದರೂ ನಿಲ್ಲದ ಜನರ ಜೊತೆ ವ್ಯವಹಾರ ಮಾಡಿ ಬೇಸತ್ತು, ಇವರ ನಾಡನ್ನೇ ಲೋಕಕ್ಕೆ ಒಂದು ಪಾಠವಾಗಿಸುತ್ತೇನೆ ಅಂತ ಅವನು ಪಣ ತೊಟ್ಟ ಅನ್ನುತ್ತಾನೆ ಬರ್ಕ್. ಕರಿಮೋಡದ ಮಾತು ಅದಾದ ಮೇಲೆ ಬರುತ್ತದೆ. 1780ರಲ್ಲಿ ಹೈದರನ ದಂಡು ಘಟ್ಟ ಇಳಿದದ್ದು, ಮದರಾಸಿನ ಬಾಗಿಲಿಂದ ತಂಜಾವೂರಿನ ಬಾಗಿಲವರೆಗೆ ಹದಿನೆಂಟು ತಿಂಗಳು ಊರುಗಳು ಸುಟ್ಟದ್ದು, ತಂಜಾವೂರಿನ ಬೀದಿಯಲ್ಲಿ ದಿನಕ್ಕೆ ಎಪ್ಪತ್ತು ಹೆಣ ಬಿದ್ದದ್ದು, ಎಲ್ಲವನ್ನೂ ಹೇಳುತ್ತಾನೆ. ಹೈದರನ ಕ್ರೌರ್ಯವನ್ನು ಅವನು ಮುಚ್ಚುವುದಿಲ್ಲ, ಕಟು ಮಾತನ್ನೇ ಆಡುತ್ತಾನೆ. ಆದರೆ ಬೆರಳು ಕೊನೆಗೆ ತಿರುಗುವುದು ಸಾಲ ಕೊಟ್ಟವರನ್ನು ಕಾಪಾಡಿದ ತನ್ನ ಎದುರಿನ ಬೆಂಚಿನ ಕಡೆಗೆ.

ಈಗ ಕೆರೆ. ಆ ಸೀಮೆಯಲ್ಲಿ ಸದಾ ಹರಿಯುವ ಹೊಳೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಮಳೆ ಬರುವುದೂ ಒಂದು ಕಾಲದಲ್ಲಿ ಮಾತ್ರ, ಆದ್ದರಿಂದ ಈ ನಾಡಿನ ಜೀವವೆಲ್ಲ ಕೆರೆಯಲ್ಲಿದೆ ಅಂತ ಬಿಡಿಸಿ ಹೇಳುತ್ತಾನೆ. ಮಣ್ಣು ಕಲ್ಲಿನ ಏರಿ, ಗಾರೆ ಕಟ್ಟಡದ ತೂಬು, ಕಾಲುವೆಯ ಹೂಳು ತೆಗೆದು ಮಟ್ಟ ಮಾಡುವ ಖರ್ಚು, ಒಂದೂ ಬಿಡುವುದಿಲ್ಲ. ಮದರಾಸಿನ ಸುತ್ತಲ ಜಾಗೀರಿಗೆ ಬರ್ನಾರ್ಡ್ ಎಂಬ ಮೋಜಣಿದಾರ ಮಾಡಿದ ನಕ್ಷೆ ಅವನ ಕೈಯಲ್ಲಿತ್ತು. ಅದರಲ್ಲಿರುವ ಕೆರೆಗಳನ್ನು ತಾನೇ ಕೂತು ಎಣಿಸಿದ್ದೇನೆ, ಸಾವಿರದ ನೂರಕ್ಕೂ ಮೇಲಿವೆ ಅನ್ನುತ್ತಾನೆ. ಎರಡು ಮೂರು ಎಕರೆಯದರಿಂದ ಹಿಡಿದು ಐದು ಮೈಲಿ ಸುತ್ತಳತೆಯದರವರೆಗೆ.

ಇಲ್ಲಿ ನನ್ನ ಮನೆ ಮಾತು ಸ್ವಲ್ಪ ಬರುತ್ತದೆ, ಕ್ಷಮಿಸಿ. ನಾನು ಕೋಲಾರದ ಕಡೆಯವನು. ಅಪ್ಪ ನಮ್ಮೂರ ಕೆರೆಯ ನೀರಗಂಟಿ. ತೂಬಿನ ಕಲ್ಲುಕಂಬದ ನಡುವೆ ಇಳಿದು, ಕಾಲಲ್ಲೇ ತಡಕಿ ಬಿರಡೆ ಎಷ್ಟು ಎತ್ತಬೇಕು ಅಂತ ಲೆಕ್ಕ ಹಾಕುತ್ತಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವರ ತಲೆಯಲ್ಲೇ ಇತ್ತು. ಬೇಸಗೆಯಲ್ಲಿ ಊರೆಲ್ಲ ಸೇರಿ ಹೂಳು ಎತ್ತುವಾಗ ನಾನೂ ಮಂಕರಿ ಹೊತ್ತಿದ್ದೇನೆ. ಆ ಏರಿಯನ್ನು ಕಟ್ಟಿಸಿದವರು ಯಾರು ಅಂತ ಅಪ್ಪನಿಗೆ ಗೊತ್ತಿರಲಿಲ್ಲ, ಅವರಪ್ಪನಿಗೂ ಗೊತ್ತಿರಲಿಲ್ಲ. ಇಂಡಿಯಾಕ್ಕೆ ಒಮ್ಮೆಯೂ ಕಾಲಿಡದ ಒಬ್ಬ ಐರಿಷ್ ಮನುಷ್ಯ ಲಂಡನ್ನಿನಲ್ಲಿ ದೀಪದ ಬೆಳಕಲ್ಲಿ ನಕ್ಷೆ ಹರವಿಕೊಂಡು ಒಂದೊಂದೇ ಕೆರೆ ಎಣಿಸಿದ್ದನ್ನು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತಿದ್ದೆ. (ದೀಪದ ಬೆಳಕು ನನ್ನ ಊಹೆ. ಎಣಿಸಿದ್ದು ಅವನದೇ ಮಾತು.)

ಈ ಕೆರೆಗಳು ನಿಜವಾದ ಅರಸರ ಸ್ಮಾರಕಗಳು ಅನ್ನುತ್ತಾನೆ ಬರ್ಕ್. ತಮ್ಮ ಆಯಸ್ಸು ಮುಗಿದ ಮೇಲೂ ಹುಟ್ಟಬೇಕಾದವರಿಗೆ ಅನ್ನ ಹಾಕಬೇಕೆಂದು ಹಂಬಲಿಸಿದವರು ಕಟ್ಟಿದ್ದು ಅನ್ನುತ್ತಾನೆ. ಯುದ್ಧದಲ್ಲಿ ಹಾಳಾದ ಆ ನಾಡಿಗೆ ಕೆರೆ ದುರಸ್ತಿಗೆ ದುಡ್ಡು ಬೇಕಿದ್ದಾಗ, ಇದ್ದ ಕಂದಾಯವನ್ನೂ ಬಡ್ಡಿಗೆ ಬಾಚಿಕೊಳ್ಳುವುದೇ ಅಂತ ಕೇಳುತ್ತಾನೆ.

ಇದನ್ನು ಇಟ್ಟುಕೊಂಡು 1790ರ ನವೆಂಬರಿನಲ್ಲಿ ಬಂದ ಅವನ ಫ್ರಾನ್ಸ್ ಪುಸ್ತಕ ಓದಿ ಮೇಡಂ. ಸಮಾಜ ಅನ್ನುವುದು ಬದುಕಿರುವವರು, ಸತ್ತವರು, ಇನ್ನು ಹುಟ್ಟುವವರು ಈ ಮೂವರ ಪಾಲುದಾರಿಕೆ ಅನ್ನುವ ಮಾತು ಅಲ್ಲಿದೆ. ನಮ್ಮೂರ ಕೆರೆಗೆ ಇದಕ್ಕಿಂತ ಒಳ್ಳೇ ವಿವರಣೆ ನನಗೆ ಗೊತ್ತಿಲ್ಲ. ತಲೆತಲಾಂತರದಿಂದ ಕೂಡಿಸಿಟ್ಟದ್ದನ್ನು ಯಾರಿಗೂ ಜವಾಬು ಹೇಳಬೇಕಿಲ್ಲದ ಒಂದು ಗುಂಪು ಬಂದು ಒಂದು ಗಳಿಗೆಯಲ್ಲಿ ಕೆಡವುವುದು ಅವನಿಗೆ ಸಹಿಸಲಾಗದ ವಿಷಯ. ಮದರಾಸಿನಲ್ಲಿ ಕೆಡವುವವನು ಬೆನ್‌ಫೀಲ್ಡ್, ಬಂಗಾಳದಲ್ಲಿ ಹೇಸ್ಟಿಂಗ್ಸ್, ಪ್ಯಾರಿಸ್ಸಿನಲ್ಲಿ ಕ್ರಾಂತಿಕಾರರು ಅಂತ ಅವನು ಕಂಡ. ಮೂರನೆಯದರಲ್ಲಿ ಅವನ ಲೆಕ್ಕ ತಪ್ಪಿತು ಅಂತಲೇ ನನ್ನ ಅಭಿಪ್ರಾಯ. ಫ್ರಾನ್ಸಿನ ರೈತನ ಹಸಿವನ್ನು ಅವನು ಆರ್ಕಾಟಿನ ರೈತನ ಹಸಿವನ್ನು ನೋಡಿದ ಕಣ್ಣಿಂದ ನೋಡಲಿಲ್ಲ. ಆದರೂ ಮನುಷ್ಯ ಒಬ್ಬನೇ.

ಈ ಸಂಕಟ ಅವನಿಗೆ ಎಲ್ಲಿಂದ ಬಂತು ಅಂದರೆ ಡಬ್ಲಿನ್ನಿನ ಮನೆಯಿಂದ ಅನ್ನಬೇಕು. ಅಪ್ಪ ಪ್ರಾಟೆಸ್ಟೆಂಟ್ ವಕೀಲ, ಅಮ್ಮ ಮೇರಿ ನೇಗಲ್ ಕ್ಯಾಥೊಲಿಕ್. ಆಗಿನ ಐರ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಮತ ಇಲ್ಲ, ಭೂಮಿ ಕೊಳ್ಳುವ ಹಕ್ಕಿಲ್ಲ. ಕೆಲವು ವರ್ಷ ಸೋದರಮಾವಂದಿರ ಮನೆಯಲ್ಲಿ ಬೆಳೆದ ಹುಡುಗ ಅದನ್ನೆಲ್ಲ ನೋಡಿದ್ದ. 1765ರಲ್ಲಿ ಪ್ರಧಾನಿ ರಾಕಿಂಗ್‌ಹ್ಯಾಮ್‌ಗೆ ಕಾರ್ಯದರ್ಶಿಯಾಗಿ, ಅದೇ ವರ್ಷದ ಕೊನೆಗೆ ವೆಂಡೋವರ್‌ನಿಂದ ಪಾರ್ಲಿಮೆಂಟಿಗೆ ಹೋದ. ಸಂಪುಟ ದರ್ಜೆಯ ಹುದ್ದೆ ಅವನಿಗೆ ಕೊನೆಗೂ ಸಿಗಲಿಲ್ಲ.

ಬ್ರಿಸ್ಟಲ್ ಕಥೆಯನ್ನು ಮಾತ್ರ ಕ್ಲಾಸಿನಲ್ಲಿ ಹೇಳಲೇಬೇಕು. 1774ರಲ್ಲಿ ಆ ದೊಡ್ಡ ಬಂದರು ನಗರ ಅವನನ್ನು ಗೆಲ್ಲಿಸಿತು. ಗೆದ್ದ ದಿನವೇ ಮತದಾರರಿಗೆ ಹೇಳಿದ: ನಿಮ್ಮ ಪ್ರತಿನಿಧಿ ನಿಮಗೆ ತನ್ನ ದುಡಿಮೆಯಷ್ಟೇ ಅಲ್ಲ, ತನ್ನ ವಿವೇಕವನ್ನೂ ಕೊಡಬೇಕು, ನಿಮ್ಮ ಅಭಿಪ್ರಾಯಕ್ಕೆ ಅದನ್ನು ಬಲಿಕೊಟ್ಟರೆ ಅದು ಸೇವೆಯಲ್ಲ, ದ್ರೋಹ. ಈ ಮಾತು ಎಲ್ಲ ಪಠ್ಯದಲ್ಲೂ ಇದೆ. ಅದಕ್ಕೆ ಅವನು ತೆತ್ತ ಬೆಲೆ ಪಠ್ಯದಲ್ಲಿ ಇರುವುದಿಲ್ಲ. ಐರ್ಲೆಂಡಿನ ವ್ಯಾಪಾರದ ಮೇಲಿದ್ದ ನಿರ್ಬಂಧ ಸಡಿಲಿಸಲು ಕೈ ಎತ್ತಿದ, ಬ್ರಿಸ್ಟಲ್ ವರ್ತಕರು ಕೆಂಡವಾದರು. ಸಾಲ ತೀರಿಸಲಾಗದೆ ಜೈಲಿನಲ್ಲಿ ಕೊಳೆಯುತ್ತಿದ್ದವರ ಪರ ನಿಂತ, ಸಾಲ ಕೊಟ್ಟ ಅಂಗಡಿಯವರು ಮುಖ ತಿರುಗಿಸಿದರು. ಕ್ಯಾಥೊಲಿಕರ ಮೇಲಿನ ಕಾನೂನು ಸಡಿಲಗೊಳಿಸಿದ 1778ರ ಕಾಯ್ದೆಯನ್ನು ಬೆಂಬಲಿಸಿದ, 1780ರ ಜೂನಿನಲ್ಲಿ ಅದೇ ಕಾಯ್ದೆಯ ವಿರುದ್ಧ ಲಂಡನ್ ಹೊತ್ತಿ ಉರಿಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆ. ಬ್ರಿಸ್ಟಲ್ ಗಿಲ್ಡ್‌ಹಾಲಿನಲ್ಲಿ ನಿಂತು ಪ್ರತಿಯೊಂದು ಆರೋಪಕ್ಕೂ ಜವಾಬು ಕೊಟ್ಟ. ಕ್ಷಮೆ ಕೇಳಲಿಲ್ಲ. ನಿಮ್ಮ ಅಭಿಪ್ರಾಯದ ವಿರುದ್ಧ ನಿಂತು ನಿಮ್ಮ ಹಿತ ಕಾದೆ ಅಂದ. ಗೆಲ್ಲುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕಣದಿಂದ ಹಿಂದೆ ಸರಿದ. ಚುನಾವಣೆ ನಡೆಯುತ್ತಿರುವಾಗಲೇ ಕೂಂಬ್ ಅನ್ನುವ ಇನ್ನೊಬ್ಬ ಅಭ್ಯರ್ಥಿ ಹಠಾತ್ತನೆ ತೀರಿಕೊಂಡಿದ್ದ. ಆ ಸಾವನ್ನು ನೆನೆದು, ನಾವೆಂಥ ನೆರಳುಗಳು, ಎಂಥ ನೆರಳುಗಳ ಬೆನ್ನು ಹತ್ತಿದ್ದೇವೆ ಅಂತ ಹೇಳಿ ಬೀಳ್ಕೊಂಡ. ಐರಿಷ್ ನೇಕಾರ, ಸಾಲದ ಕೈದಿ, ಕ್ಯಾಥೊಲಿಕ್, ಆರ್ಕಾಟಿನ ರೈತ: ಇವರಲ್ಲಿ ಅವನಿಗೆ ಮತ ಹಾಕಬಲ್ಲವರು ಯಾರಿದ್ದರು, ನೀವೇ ಹೇಳಿ.

ಉತ್ತರ: ಅರ್ಕಾವತಿ

ನೀರಗಂಟಿ ಮಗ ಅವರೇ, ಓದಿ ಬಹಳ ಸಂತೋಷವಾಯಿತು. ಆದರೆ ಮೇಡಂ ಇದನ್ನು ಮಕ್ಕಳಿಗೆ ಹೇಳುವುದಾದರೆ ಇನ್ನೊಂದು ಮಗ್ಗುಲೂ ಗೊತ್ತಿರಬೇಕು.

ಬರ್ಕ್‌ನ ಜೀವದ ಗೆಳೆಯ, ಬಂಧು ಅಂತ ಕರೆಸಿಕೊಳ್ಳುತ್ತಿದ್ದ ವಿಲಿಯಂ ಬರ್ಕ್ 1777ರಲ್ಲಿ ಇಂಡಿಯಾಕ್ಕೆ ಬಂದು ತಂಜಾವೂರು ರಾಜನ ಏಜೆಂಟನಾದ. ಆ ತಂಜಾವೂರನ್ನು 1773ರಲ್ಲಿ ಕಂಪನಿಯ ಸೈನ್ಯದ ನೆರವಿನಿಂದ ಕಿತ್ತುಕೊಂಡವನು ಇದೇ ಆರ್ಕಾಟ್ ನವಾಬ. ಅಂದ ಮೇಲೆ ನವಾಬನಿಗೆ ಸಾಲ ಕೊಟ್ಟವರ ಮೇಲೆ ಬರ್ಕ್ ಹರಿಹಾಯ್ದದ್ದರಲ್ಲಿ ಮನೆಯ ಹಿತ ಇರಲೇ ಇಲ್ಲ ಅನ್ನಲಾಗದು. ಹೇಸ್ಟಿಂಗ್ಸ್ ವಿಷಯದಲ್ಲೂ ಅಷ್ಟೇ. ಬರ್ಕ್‌ಗೆ ಸರಕು ಒದಗಿಸಿದವನು ಬಂಗಾಳದ ಕೌನ್ಸಿಲಿನಲ್ಲಿ ಹೇಸ್ಟಿಂಗ್ಸ್‌ನ ಎದುರಾಳಿಯಾಗಿದ್ದ ಫಿಲಿಪ್ ಫ್ರಾನ್ಸಿಸ್. 1780ರಲ್ಲಿ ಕಲ್ಕತ್ತದಲ್ಲಿ ಹೇಸ್ಟಿಂಗ್ಸ್ ಜೊತೆ ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡಿ ಗುಂಡೇಟು ತಿಂದವನು. ಹಗೆ ಇರದೆ ಇರುತ್ತದೆಯೇ? ಹೇಸ್ಟಿಂಗ್ಸ್ ಮೇಲೆ ಲಂಚದ ಆರೋಪ ಹೊರಿಸಿ ಆಮೇಲೆ ಗಲ್ಲಿಗೇರಿದ ನಂದಕುಮಾರನನ್ನು ಹೇಸ್ಟಿಂಗ್ಸೇ ಕೊಲ್ಲಿಸಿದ ಅಂತ ಬರ್ಕ್ ವಿಚಾರಣೆಯಲ್ಲಿ ಹೇಳಿದ್ದಕ್ಕೆ 1789ರಲ್ಲಿ ಕಾಮನ್ಸ್ ಸಭೆಯೇ ಅವನಿಗೆ ಛೀಮಾರಿ ಹಾಕಿತು.

ಬ್ರಿಸ್ಟಲ್‌ನ ಆರು ವರ್ಷ ಬಿಟ್ಟರೆ ಅವನು ಗೆದ್ದ ಕ್ಷೇತ್ರಗಳು, ವೆಂಡೋವರ್ ಮತ್ತು ಮಾಲ್ಟನ್, ಎರಡೂ ದೊಡ್ಡ ಜಮೀನುದಾರರ ಜೇಬಿನಲ್ಲಿದ್ದವು. ಪ್ರತಿನಿಧಿಯ ಸ್ವತಂತ್ರ ವಿವೇಕದ ಬಗ್ಗೆ ಮಾತಾಡುವುದು ಅಲ್ಲಿ ಸುಲಭ. ಇನ್ನೊಂದು, ಸಾಮ್ರಾಜ್ಯವೇ ಬೇಡ ಅಂತ ಅವನು ಎಂದೂ ಹೇಳಲಿಲ್ಲ, ನೀತಿಯಿಂದ ಆಳಿ ಅಂದ. ಇದು ಸಣ್ಣ ವ್ಯತ್ಯಾಸವಲ್ಲ.

ಉತ್ತರ: ನೀರಗಂಟಿ ಮಗ

ಅರ್ಕಾವತಿ ಅವರೇ, ನೀವು ಹೇಳಿದ್ದರಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ವಿಲಿಯಂ ಬರ್ಕ್ ವಿಷಯ ನಾನೇ ಮೊದಲು ಹೇಳಬೇಕಿತ್ತು. ಸಾಮ್ರಾಜ್ಯದ ಮಾತೂ ಸರಿ, ಅವನು ಅದನ್ನು ದೇವರು ಒಪ್ಪಿಸಿದ ಒತ್ತೆ ಅಂತ ನೋಡಿದ, ಬಿಟ್ಟುಬರಬೇಕಾದದ್ದು ಅಂತ ನೋಡಲಿಲ್ಲ.

ಆದರೆ ಒಂದು ಲಾಭಕ್ಕಾಗಿ ಇಷ್ಟು ವರ್ಷ ಯಾರೂ ಸವೆಯುವುದಿಲ್ಲ. 1781ರಲ್ಲಿ ಬಂಗಾಳದ ವಿಚಾರಣೆಗೆಂದು ನೇಮಿಸಿದ ಸೆಲೆಕ್ಟ್ ಕಮಿಟಿಗೆ ಸೇರಿದವನು ಕಡತ ಓದಲು ಶುರುಮಾಡಿದ. ಹೇಸ್ಟಿಂಗ್ಸ್ ವಿಚಾರಣೆ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ತೊಡಗಿದ್ದು 13 ಫೆಬ್ರವರಿ 1788ರಂದು. ಬರ್ಕ್‌ನ ಆರಂಭದ ಭಾಷಣವೇ ನಾಲ್ಕು ದಿನ ನಡೆಯಿತು. ಏಷ್ಯಾದಲ್ಲಿ ಬೇರೆ ನೀತಿ, ಯುರೋಪಿನಲ್ಲಿ ಬೇರೆ ನೀತಿ ಅನ್ನುವ ಹೇಸ್ಟಿಂಗ್ಸ್ ವಾದಕ್ಕೆ ಅವನು 'ಭೂಗೋಳದ ನೀತಿ' ಅಂತ ಹೆಸರಿಟ್ಟು, ಅಕ್ಷಾಂಶ ರೇಖಾಂಶ ನೋಡಿ ಪಾಪ ಪುಣ್ಯ ಬದಲಾಗುತ್ತದೆಯೇ ಅಂತ ಕೇಳಿದ್ದು ಅಲ್ಲೇ. ಮೊದಮೊದಲು ನೋಡಲು ನೂಕುನುಗ್ಗಲು ಇತ್ತು. ಆಮೇಲೆ ಜನ ಬೇಸತ್ತರು. ಏಳು ವರ್ಷ ಎಳೆದು 23 ಏಪ್ರಿಲ್ 1795ರಂದು ಹೇಸ್ಟಿಂಗ್ಸ್ ನಿರ್ದೋಷಿ ಅಂತ ತೀರ್ಪಾಯಿತು. ಅದರ ಹಿಂದಿನ ವರ್ಷ ಬರ್ಕ್‌ಗೆ ಉಳಿದಿದ್ದ ಒಬ್ಬನೇ ಮಗ ರಿಚರ್ಡ್ ತೀರಿಕೊಂಡಿದ್ದ. ಫ್ರಾನ್ಸಿನ ವಿಷಯಕ್ಕೆ ಹಳೇ ಗೆಳೆಯ ಫಾಕ್ಸ್ ಜೊತೆಗಿನ ಸ್ನೇಹ 1791ರಲ್ಲೇ ತುಂಬಿದ ಸಭೆಯಲ್ಲಿ ಕಡಿದುಹೋಗಿತ್ತು, ಫಾಕ್ಸ್ ಅಲ್ಲೇ ಕಣ್ಣೀರು ಹಾಕಿದ್ದ.

ಸಾಯುವ ಹಿಂದಿನ ವರ್ಷ ಫ್ರೆಂಚ್ ಲಾರೆನ್ಸ್ ಎಂಬ ಹೆಸರಿನ ಗೆಳೆಯನಿಗೆ ಬರ್ಕ್ ಪತ್ರ ಬರೆದ. ನಾನು ಮಾಡಿದ್ದು, ಆಡಿದ್ದು, ಬರೆದದ್ದು ಎಲ್ಲ ಮರೆತುಹೋಗಲಿ, ಈ ಒಂದು ಪ್ರಯತ್ನ ಮಾತ್ರ ಉಳಿಯಲಿ ಅಂತ. ಅವನು ಹೇಳಿದ್ದು ಇಂಡಿಯಾದ ಕೆಲಸವನ್ನು. ಲೋಕ ಉಳಿಸಿಕೊಂಡದ್ದು ಫ್ರಾನ್ಸಿನ ಪುಸ್ತಕವನ್ನು. ನಮ್ಮ ನೋಟ್ಸಿನ ಒಂದೂವರೆ ಪುಟದ ಮೇಲೆ ನನಗೆ ಇರುವ ಬೇಸರ ಇದೇ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. 1781ರಲ್ಲಿ ಮರಾಠ ರಘುನಾಥರಾವ್‌ನ ಕಡೆಯಿಂದ ಹನುಮಂತರಾವ್ ಎಂಬ ಬ್ರಾಹ್ಮಣ ಮತ್ತು ಇಬ್ಬರು ಪಾರ್ಸಿಗಳು, ತಂದೆ ಮಗ, ಲಂಡನ್ನಿಗೆ ಬಂದಿದ್ದರು. ಅವರ ಪಾಡು ನೋಡಿ ಬರ್ಕ್ ಬೀಕನ್ಸ್‌ಫೀಲ್ಡ್‌ನ ತನ್ನ ಮನೆಗೆ ಕರೆದುಕೊಂಡು ಹೋದ. ಮಡಿಯಲ್ಲಿ ಅಡಿಗೆ ಮಾಡಿಕೊಳ್ಳಲು, ಸ್ನಾನ ಸಂಧ್ಯಾವಂದನೆಗೆ ಅಡ್ಡಿಯಾಗದ ಹಾಗೆ ತೋಟದಲ್ಲಿದ್ದ ಗಾಜಿನ ಮನೆಯನ್ನು ಅವರಿಗೆ ಬಿಟ್ಟುಕೊಟ್ಟ. ನವಾಬನ ಸಾಲದ ಭಾಷಣಕ್ಕೆ ಇನ್ನೂ ನಾಲ್ಕು ವರ್ಷ ಇತ್ತು.

ಪ್ರಶ್ನೆ ಕೇಳಿದವರು: ಮಲೆನಾಡ ಮೇಡಂ

ಇಬ್ಬರಿಗೂ ಕೈ ಮುಗಿದೆ. ನಾಳೆ ಎರಡನೇ ಪೀರಿಯಡ್ಡಿಗೆ ಬ್ರಿಸ್ಟಲ್‌ನಿಂದ ಶುರುಮಾಡುತ್ತೇನೆ, ಅರ್ಕಾವತಿ ಅವರ ಆಕ್ಷೇಪಗಳನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಮೇಷ್ಟ್ರೇ, ಒಂದು ಉಪಕಾರ. ಕೆರೆಯ ಆ ಭಾಗವನ್ನು ನಾಲ್ಕು ಸಾಲು ಕನ್ನಡದಲ್ಲಿ ಕೊಡಲಾಗುತ್ತದೆಯೇ? ಇಂಗ್ಲಿಷಿನಲ್ಲಿ ಓದಿದರೆ ಅರ್ಧ ಕ್ಲಾಸಿಗೆ ಮುಟ್ಟುವುದಿಲ್ಲ.

ಉತ್ತರ: ನೀರಗಂಟಿ ಮಗ

ರಾತ್ರಿ ಕೂತು ಮಾಡಿದೆ ಮೇಡಂ. ಅವನ ವಾಕ್ಯ ಬಹಳ ಉದ್ದ, ನಾನು ಮುರಿದು ಮುರಿದು, ಅಲ್ಲಲ್ಲಿ ಕುಗ್ಗಿಸಿ ಹಾಕಿದ್ದೇನೆ.

"ಈ ಕೆರೆಗಳ ಏರಿ ಹೆಚ್ಚಿನಂಶ ಮಣ್ಣು ಕಲ್ಲಿನದು, ತೂಬು ಗಟ್ಟಿ ಗಾರೆಯದು. ಎಲ್ಲವೂ ಮೆಚ್ಚತಕ್ಕ ಜಾಣ್ಮೆಯಿಂದ, ದುಡಿಮೆಯಿಂದ ಕಟ್ಟಿದ್ದು. ಇವು ನಿಜವಾದ ಅರಸರ ಸ್ಮಾರಕಗಳು. ಅವರು ತಮ್ಮ ಪ್ರಜೆಗಳಿಗೆ ತಂದೆಯಾಗಿದ್ದವರು. ಮನುಷ್ಯನ ಗಿಡ್ಡ ಆಯಸ್ಸಿನಲ್ಲಿ ಒಳಿತು ಮಾಡಿ ತೃಪ್ತರಾಗದೆ, ತಲೆಮಾರಿನಿಂದ ತಲೆಮಾರಿಗೆ ಜನರನ್ನು ಸಲಹುತ್ತಾ ಉಳಿಯಬೇಕೆಂದು ಕೈ ಚಾಚಿದವರು."

ಅವನು ಬಳಸಿದ ಇಂಗ್ಲಿಷ್ ಪದಕ್ಕೆ ನಾನು 'ತೂಬು' ಅಂತಲೇ ಹಾಕಿದ್ದೇನೆ. ಓದುವಾಗ ಅಲ್ಲಿ ಒಂದು ಕ್ಷಣ ನಿಲ್ಲಿ, ಯಾರ ಊರಲ್ಲಿ ತೂಬು ಇದೆ ಅಂತ ಕೈ ಎತ್ತಿಸಿ.